ಗೆಟ್ಟಿಸ್‌ಬರ್ಗ್‌ನ ಸಿಪಾಯಿಗೆ ಇಟ್ಟ ಎಡೆ

ಸತ್ತವರು ಬಂದು ಉಣ್ಣುತ್ತಾರೆಂಬ ಮಾತನ್ನು ನಾನು ನಂಬಿದವನಲ್ಲ. ಈಗಲೂ ನಂಬುತ್ತೇನೆಂದು ಎದೆ ತಟ್ಟಿ ಹೇಳಲಾರೆ. ಇತಿಹಾಸದ ಮೇಷ್ಟ್ರಾದ ನನಗೆ ಸತ್ತವರೆಂದರೆ ಇಸವಿ ಮತ್ತು ಸಂಖ್ಯೆ, ಅಷ್ಟೆ. ಆದರೂ ಹೆಮ್ಮಿಗೆ ಎಂಬ ಹಳ್ಳಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿಬಿಡುತ್ತೇನೆ. ನಗುವವರು ನಗಲಿ.

ಆಗ ನಾನು ಟಿ. ನರಸೀಪುರದ ಕಾಲೇಜಿನಲ್ಲಿದ್ದೆ. ಹೆಮ್ಮಿಗೆಯ ನಿಂಗಮ್ಮನವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯಲ್ಲಿ ಅವರು ಮತ್ತು ಸೊಸೆ ಸಾವಿತ್ರಿ ಇಬ್ಬರೇ. ಸೈನ್ಯದಲ್ಲಿದ್ದ ಮಗ ಆರು ವರ್ಷದ ಹಿಂದೆ ಗಡಿಯಲ್ಲಿ ಹಿಮ ಕುಸಿದು ಹೂತುಹೋಗಿದ್ದ. ದೇಹ ಸಿಕ್ಕಿರಲಿಲ್ಲ. ಸತ್ತನೆಂದು ಕಾಗದ ಬಂದಿತ್ತು, ಊರು ನಂಬಿತ್ತು, ಸೊಸೆಯೂ ನಂಬಿದ್ದಳು. ತಾಯಿ ಮಾತ್ರ ನಂಬಿರಲಿಲ್ಲ, ಒಮ್ಮೆಯೂ ಅತ್ತಿರಲಿಲ್ಲ. ಮಾರ್ಲಮಿ ಹಬ್ಬದಲ್ಲಿ ಹಿರಿಯರಿಗೆಲ್ಲ ಎಡೆ ಇಡುವಾಗ ಮಗನಿಗೆ ಎಲೆ ಹಾಕಲು ಬಿಡುತ್ತಿರಲಿಲ್ಲ. ಗಂಡನ ಹೆಸರಿನಲ್ಲಿ ಒಂದು ತುತ್ತು ಇಡಲಾಗದೆ ಸಾವಿತ್ರಿ ಒಳಗೊಳಗೇ ಬೇಯುತ್ತಿದ್ದಳು.

ಆ ವರ್ಷ ಹಬ್ಬದ ಹಿಂದಿನ ದಿನ ಜಗಲಿಯಲ್ಲಿ ಕೂತು ಪಾಠಕ್ಕೆ ಟಿಪ್ಪಣಿ ಮಾಡುತ್ತಿದ್ದೆ. ಅಮೆರಿಕದ ಅಂತರ್ಯುದ್ಧ, ಅದರ ದಿಕ್ಕು ಬದಲಿಸಿದ ಗೆಟ್ಟಿಸ್‌ಬರ್ಗ್ ಕದನ. ಸೊಸೆಯ ಜೊತೆ ಕೂತು ಅಲಸಂದೆ ಬಿಡಿಸುತ್ತಿದ್ದ ನಿಂಗಮ್ಮ ಅದೇನು ಎಂದು ಕೇಳಿದರು. ಗುಲಾಮಗಿರಿ ಉಳಿಯಬೇಕೆಂದು ದಕ್ಷಿಣದವರು ಬೇರೆಯಾಗಲು ಹೊರಟದ್ದು, ಒಂದೇ ದೇಶದವರು ಮೂರು ದಿನ ಕಡಿದಾಡಿದ್ದು, ಕೊನೆಯ ದಿನ ದಕ್ಷಿಣದ ಸೈನಿಕರು ಬಟ್ಟಬಯಲಿನಲ್ಲಿ ಫಿರಂಗಿಗಳಿಗೆ ಎದುರಾಗಿ ನಡೆದು ಬಂದು ಸೋತದ್ದು, ಎಲ್ಲ ಹೇಳಿದೆ. ಸುಮ್ಮನೆ ಹೂಂಗುಟ್ಟಿದರು. ಉತ್ತರದ ಕಡೆಯ ಒಬ್ಬ ಸಿಪಾಯಿಯ ವಿಷಯಕ್ಕೆ ಬಂದಾಗ ಅವರ ಕೈ ನಿಂತಿತು. ಅವನ ಹೆಣ ಸಿಕ್ಕಾಗ ಯಾರೆಂದೇ ಗೊತ್ತಾಗಲಿಲ್ಲ. ಕೈಯಲ್ಲಿ ಮೂರು ಮಕ್ಕಳ ಫೋಟೊ ಇತ್ತು. ಆ ಫೋಟೊದ ವಿವರ ಪತ್ರಿಕೆಯಲ್ಲಿ ಬಂದ ಮೇಲೆಯೇ ಅವನ ಹೆಂಡತಿಗೆ ಸುದ್ದಿ ತಿಳಿದದ್ದು.

"ಅವನ್ಗೆ ಎಡೆ ಇಟ್ಟೋರ್ಯಾರು ಮೇಷ್ಟ್ರೇ?"

ಅಲ್ಲಿ ಆ ಪದ್ಧತಿಯಿಲ್ಲ ಎಂದೆ.

"ಇಲ್ದಿದ್ರೆ ಅಸಿವು ಇರಾಕಿಲ್ವಾ? ನಾವೇ ಇಡಾನ."

ಅವನು ಏನು ತಿನ್ನುತ್ತಿದ್ದ ಎಂದೂ ಕೇಳಿದರು. ಗಟ್ಟಿ ಬಿಸ್ಕತ್ತು, ಹಾಲಿಲ್ಲದ ಕಾಫಿ ಎಂದೆ, ನಗು ತಡೆದುಕೊಂಡು. ಸಾವಿತ್ರಿ ತಟ್ಟನೆ ಎದ್ದು ಒಳಗೆ ಹೋದಳು. ಸ್ವಂತ ಗಂಡನಿಗಿಲ್ಲದ ಎಲೆ ಯಾವನೋ ಪರದೇಶಿಗೆ! ನನ್ನ ಬಾಯಿಯ ಮೇಲೆ ನನಗೇ ಸಿಟ್ಟು ಬಂತು.

ಮರುದಿನ ದೀಪ ಹಚ್ಚುವ ಹೊತ್ತಿಗೆ ನಡುಮನೆಯಲ್ಲಿ ಹಿರಿಯರಿಗೆ ಎಲೆ ಹಾಕಿದರು. ಸ್ವಲ್ಪ ದೂರದಲ್ಲಿ ಇನ್ನೊಂದು ಎಲೆ. ಅದರ ಮೇಲೆ ಬಿಸ್ಕತ್ತು, ಪಕ್ಕದಲ್ಲಿ ಸ್ಟೀಲ್ ಲೋಟದ ತುಂಬ ಕರಿ ಕಾಫಿ. ಮೂರು ಮಕ್ಕಳ ತಂದೆ ಬಂದು ಉಣ್ಣಲಿ ಎಂದು ನಿಂಗಮ್ಮ ಕೈಮುಗಿದರು. ಹಿರಿಯರು ಉಣ್ಣಲೆಂದು ಬಾಗಿಲು ಎಳೆದುಕೊಂಡು ಹೊರಗೆ ಕೂರುವುದು ರೂಢಿ. ಹಿತ್ತಿಲ ಬಾಗಿಲಿನ ಅಗುಳಿ ಹಾಕಿದವನು ನಾನೇ. ಮೂವರೂ ಜಗಲಿಯಲ್ಲಿ ಕೂತಿದ್ದೆವು, ಯಾರೂ ಏಳಲಿಲ್ಲ. ಹತ್ತು ನಿಮಿಷದ ಮೇಲೆ ನಿಂಗಮ್ಮ ಒಮ್ಮೆ ಕೆಮ್ಮಿ, ಕದ ತಟ್ಟಿ, ತೆರೆದರು.

ಹಿರಿಯರ ಎಡೆಗಳು ಇಟ್ಟ ಹಾಗೇ ಇದ್ದವು. ಬಿಸ್ಕತ್ತೂ ಇಟ್ಟಲ್ಲೇ ಇತ್ತು. ಕಾಫಿಯ ಲೋಟ ಮಾತ್ರ ಬರಿದಾಗಿ, ನೆಲದ ಮೇಲೆ ಕವುಚಿ ಕೂತಿತ್ತು. ಸುತ್ತ ಒಂದು ಹನಿಯೂ ಚೆಲ್ಲಿರಲಿಲ್ಲ.

ಸಾವಿತ್ರಿ ಹೋಗಿ ಲೋಟದ ತಳದ ಮೇಲೆ ಅಂಗೈ ಇಟ್ಟಳು. ಇರುವೆ ಮುತ್ತದಿರಲೆಂದು ಕುಡಿದ ಲೋಟವನ್ನು ಹೀಗೆ ಕವುಚಿಡುವುದು ಅವಳ ಗಂಡನಿಗೆ ಚಿಕ್ಕಂದಿನಿಂದ ಅಭ್ಯಾಸವಂತೆ. ಅದು ನನಗೆ ತಿಳಿದದ್ದು ಆಮೇಲೆ.

ನಾನು ಬೆಕ್ಕಿರಬಹುದೆಂದು ಅಟ್ಟ, ಮೂಲೆ ಎಲ್ಲ ಹುಡುಕಿದೆ. ಹಿತ್ತಿಲ ಅಗುಳಿ ಹಾಕಿದಂತೆಯೇ ಇತ್ತು. ಬೆಕ್ಕು ಲೋಟ ಉರುಳಿಸಬಹುದು, ನೀಟಾಗಿ ಕವುಚಿಡುವುದುಂಟೆ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ನಿಂಗಮ್ಮ ಏನನ್ನೂ ಹುಡುಕಲಿಲ್ಲ. ಲೋಟದ ಮುಂದೆ ಕೂತರು.

"ಇನ್ನೊಂದ್ ಎಲೆ ತತ್ತಾ ಸಾವಿತ್ರಿ," ಎಂದರು. "ಬರೀ ಕಾಫಿ ಕುಡ್ದವ್ನೆ. ಉಂಡಿಲ್ಲ ನನ್ ಮಗ."

ಆಮೇಲೆ ಅತ್ತರು.