ಪಾಪಿನಾಯಕನಹಳ್ಳಿಯಲ್ಲಿ ಇಳಿಯಬೇಡ

“ಅಪ್ಪಾ, ಇಲ್ಲಿ ನನ್ನ ಜಡೆ ಮುಟ್ಟಿ ನೋಡಲು ಜನ ಸಾಲು ನಿಂತಿದ್ದಾರೆ. ಬಸ್ಸಿಗೆ ಮಾತ್ರ ಯಾರೂ ಸಾಲು ನಿಲ್ಲುತ್ತಿಲ್ಲ” ಎಂದು ನನ್ನ ಮಗಳು ಹೊಸಪೇಟೆ ಬಸ್ ನಿಲ್ದಾಣದಿಂದ ಫೋನ್ ಮಾಡಿದಳು. ಅವಳ ಮಾತಿನ ಹಿಂದೆ ಕಂಡಕ್ಟರನೊಬ್ಬ “ಕಮಲಾಪುರ, ಕಂಪ್ಲಿ, ಕಂಪ್ಲಿ! ಹತ್ರಿ ಜಲ್ದಿ!” ಎಂದು ಕೂಗುತ್ತಿದ್ದ. ಕಂಪ್ಲಿ ನಾನು ಹುಟ್ಟಿದ ಊರು. ಮೂವತ್ತೆಂಟು ವರ್ಷಗಳ ಮೇಲೆ ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದೆ. ಆಫ್ರಿಕಾದ ಜಾಂಬಿಯಾ ದೇಶದ ಕಿಟ್ವೆ ಎಂಬ ಊರಿನಲ್ಲಿ, ನನ್ನ ಮನೆಯ ಜಗಲಿಯ ಮೇಲೆ ಕುಳಿತು, ಆ ಬಸ್ಸು ನನ್ನನ್ನು ಬಿಟ್ಟು ಹೊರಟಂತೆ ಎದ್ದು ನಿಂತುಬಿಟ್ಟೆ.

ಮಗಳ ಹೆಸರು ಮುಟಾಲೆ. ಅವಳ ತಾಯಿ ಇಲ್ಲಿಯವಳು, ತೀರಿಕೊಂಡು ನಾಲ್ಕು ವರ್ಷವಾಯಿತು. ಮುಟಾಲೆ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಅಪ್ಪನ ದೇಶವನ್ನು ಒಮ್ಮೆಯಾದರೂ ನೋಡಬೇಕೆಂದು ರಜೆಯಲ್ಲಿ ಒಬ್ಬಳೇ ಹೊರಟಳು. ನಾನು ಅವಳಿಗೆ ಕನ್ನಡ ಕಲಿಸಲಿಲ್ಲ. ಕಲಿಸಿದ್ದರೆ ಊರಿನ ಬಗ್ಗೆ ಪ್ರಶ್ನೆ ಕೇಳುತ್ತಿದ್ದಳು.

ಕನ್ನಡದ ಬದಲು ಎರಡು ಹಾಳೆ ಸಲಹೆಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಅರ್ಧದಷ್ಟು ಹಳಸಿಹೋಗಿದ್ದವು. ಸ್ಟೇಷನ್ನಿನ ನಲ್ಲಿ ನೀರು ಕುಡಿ ಎಂದು ಬರೆದಿದ್ದೆ; ಈಗ ಯಾರೂ ಕುಡಿಯುವುದಿಲ್ಲವಂತೆ. ಮೊದಲ ಸಲ ಬರುವವರಿಗೆ ನಿಜವಾಗಿ ಬೇಕಾದದ್ದನ್ನು ಅವಳೇ ಬಿದ್ದು ಎದ್ದು ಕಲಿತಳು. ಹಂಪಿಯ ಗುಡಿಗಳಿಗೆ ಬೆಳಿಗ್ಗೆ ಬೇಗ ಹೋಗಬೇಕು, ಹೊತ್ತೇರಿದರೆ ಬರಿಗಾಲಿಗೆ ಕಲ್ಲು ಕಾದ ಹೆಂಚಾಗುತ್ತದೆ. ಬಾಳೆಹಣ್ಣು ಚೀಲದ ಒಳಗಿರಬೇಕು, ಕೈಯಲ್ಲಿದ್ದರೆ ಕೋತಿಯದು. ದಾರಿಯನ್ನು ಮೂವರಲ್ಲಿ ಕೇಳಬೇಕು, ಏಕೆಂದರೆ ಗೊತ್ತಿಲ್ಲ ಎಂದು ನಮ್ಮವರು ಹೇಳುವುದಿಲ್ಲ. ಹೊಳೆ ಕೆಂಪಗೆ ತುಂಬಿ ಬಂದಾಗ ಹರಿಗೋಲಿನವನು ಎಷ್ಟು ಧೈರ್ಯ ಹೇಳಿದರೂ ಹತ್ತಬಾರದು. ಪರದೇಶದ ಪಾಸ್‌ಪೋರ್ಟಿಗೆ ಎಲ್ಲ ಲಾಡ್ಜುಗಳೂ ರೂಮು ಕೊಡುವುದಿಲ್ಲ, ಮೊದಲೇ ವಿಚಾರಿಸಬೇಕು.

ಈ ಕೊನೆಯದು ತಿಳಿದದ್ದು ಹೊಸಪೇಟೆಯ ಒಂದು ಲಾಡ್ಜಿನಲ್ಲಿ. ಅವಳು ಫೋನನ್ನು ಮ್ಯಾನೇಜರನ ಕೈಗೆ ಕೊಟ್ಟಳು.

“ಸಾರ್, ಫಾರಿನ್‌ನೋರಿಗೆ ರೂಂ ಕೊಡಾಕ ಬರಂಗಿಲ್ರಿ.”

“ಆಕಿ ನನ್ನ ಮಗಳಪ್ಪಾ. ನಾ ಕಂಪ್ಲಿಯಾವ.”

“ಏನ್ರೀ ಸಾರ್, ಬೆಳಿಗ್ಗೆ ಬೆಳಿಗ್ಗೆ ಚ್ಯಾಷ್ಟಿ ಮಾಡ್ತೀರಿ?” ಎಂದು ಅವನು ನಕ್ಕ. ಪಕ್ಕದಲ್ಲಿದ್ದವರಿಗೂ ಹೇಳಿ ನಗಿಸಿದ.

ನಾನು ಈ ದೇಶಕ್ಕೆ ಬಂದಾಗ ನನ್ನ ಬಾಡಿಗೆ ಮನೆಯ ಒಡತಿ ಹಾಗೆ ನಗಲಿಲ್ಲ. ದಿನಾ ಬೆಳಿಗ್ಗೆ ಬಾಗಿಲಲ್ಲಿ ಸ್ವಲ್ಪ ಮೊಣಕಾಲು ಬಾಗಿಸಿ, ಮೆಲ್ಲಗೆ ಅಂಗೈ ತಟ್ಟಿ, “ಮುಲಿಶಾನಿ ಮುಕ್ವಾಯ್” ಎನ್ನುತ್ತಿದ್ದಳು. ಹೇಗಿದ್ದೀರಿ ಎಂದರ್ಥ. ‘ಮುಕ್ವಾಯ್’ ಎಂಬುದು ನಮ್ಮ ‘ರಿ’ ಇದ್ದ ಹಾಗೆ, ಮರ್ಯಾದೆಯ ಬಾಲ. ಅದು ತಿಳಿಯಲು ನನಗೆ ಮೂರು ತಿಂಗಳು ಬೇಕಾಯಿತು. ಜೋಳದ ಮುದ್ದೆ ಉಂಡವನಿಗೆ ಮೆಕ್ಕೆಜೋಳದ ‘ನ್ಶಿಮಾ’ ಕಷ್ಟವಾಗಲಿಲ್ಲ. ಅದರ ಜೊತೆ ಕೊಡುವ ಒಣಮೀನನ್ನು ಮೊದಲ ವರ್ಷ ತಟ್ಟೆಯ ಅಂಚಿಗೆ ಸರಿಸುತ್ತಿದ್ದೆ, ಎರಡನೆಯ ವರ್ಷ ತಿಂದೆ. ಮಣ್ಣು ಸಂಡೂರಿನಷ್ಟೇ ಕೆಂಪು. ಒಗೆದ ಅಂಗಿಯ ಕಾಲರಿನಲ್ಲಿ ಇಲ್ಲೂ ಅದೇ ಬಣ್ಣ ಉಳಿಯುತ್ತದೆ. ಕನ್ನಡ ಆಡುವವರು ಒಬ್ಬರೂ ಇರಲಿಲ್ಲ. ಆಗ ನನಗೆ ಬೇಕಾಗಿದ್ದದ್ದೂ ಅದೇ.

ತಡೆಯಲಾಗದೆ ಹೋದದ್ದು ಒಂದೇ. ಇಲ್ಲಿ ಯಾರಾದರೂ ಸತ್ತರೆ ‘ಇಚಿಲಿಲೊ’ ಎಂದು ಕೂರುತ್ತಾರೆ. ಸತ್ತವರ ಮನೆಯಂಗಳದಲ್ಲಿ ಬೆಂಕಿ ಹಾಕಿಕೊಂಡು, ಗುರುತಿದ್ದವರೆಲ್ಲ ದಿನಗಟ್ಟಲೆ ಸುಮ್ಮನೆ ಕೂರುವುದು. ನಾನು ಬಂದ ವರ್ಷವೇ, ನಾನು ಕೆಲಸಕ್ಕೆ ಸೇರಿದ್ದ ಇಲ್ಲಿನ ತಾಮ್ರದ ಗಣಿಯಲ್ಲಿ ಬಂಡೆ ಕೊರೆಯುವ ಒಬ್ಬ ಡ್ರಿಲ್ಲರ್ ಸತ್ತ. ಅವನ ಪಾಳಿಯ ಮೇಸ್ತ್ರಿ ಎಲ್ಲರಿಗಿಂತ ಮೊದಲು ಹೋಗಿ, ವಿಧವೆಯ ಎದುರು ನೆಲಕ್ಕೆ ಕುಳಿತ. ನಾನು ಅರ್ಧ ಗಂಟೆ ಕುಳಿತು, ಹೊಟ್ಟೆನೋವೆಂದು ಎದ್ದು ಬಂದೆ. ನಾನು ಹೋಗದೆ ಉಳಿದ ಒಂದು ಸಾವಿನ ಮಣ್ಣು ಊರಲ್ಲಿತ್ತು. ಅದನ್ನು ಈಗ ಹೇಳಬೇಕು.

ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಸಂಡೂರಿನ ಗುಡ್ಡದ ಒಂದು ಸಣ್ಣ ಅದಿರು ಗಣಿಗೆ ಸೇರಿ, ಪರೀಕ್ಷೆ ಕಟ್ಟಿ ಬ್ಲಾಸ್ಟರ್ ಆದೆ. ಕಲ್ಲಿಗೆ ಮದ್ದು ತುಂಬಿ ಸಿಡಿಸುವ ಕೆಲಸ. ಸಿಡಿಸುವ ಮೊದಲು ಬ್ಲಾಸ್ಟರ್ ತಾನೇ ಗುಂಡಿಯ ಸುತ್ತ ಪೂರ್ತಿ ನಡೆದು, ಒಳಗೆ ಯಾರೂ ಇಲ್ಲವೆಂದು ನೋಡಿ, ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಆಮೇಲೆ ದಾರಿಯಲ್ಲಿ ಕೆಂಪು ಬಾವುಟ ಹಿಡಿದವನಿಗೆ ಸನ್ನೆ, ಆಮೇಲೆ ಸೀಟಿ. ಲಾರಿಗಳು ಸಾಲುಗಟ್ಟಿ ಕಾಯುತ್ತಿದ್ದುದರಿಂದ ನಮ್ಮ ಗಣಿಯಲ್ಲಿ ಬೇರೆ ರೂಢಿ ಬಿದ್ದಿತ್ತು. ಬೆಳಗಿನ ಚಹಾ ಕುಡಿಯುವಾಗಲೇ ಸಹಿ ಹಾಕಿಬಿಡುತ್ತಿದ್ದೆವು. ಸಹಿ ಆದ ಮೇಲೆ ನಡೆಯುವುದು ನಮ್ಮ ಮನಸ್ಸಿಗೆ ಬಿಟ್ಟದ್ದು. ಆ ದಿನ ಬಿಸಿಲು ಜೋರಾಗಿತ್ತು. ನಾನು ನಡೆಯಲಿಲ್ಲ.

ಅದಿರು ಆರಿಸುವ ಹುಲಿಗೆಮ್ಮನಿಗೆ ಅವತ್ತು ಜ್ವರ. ಅದಿರಿನ ರಾಶಿಯ ಹಿಂದೆ ನೆರಳಿನಲ್ಲಿ ಮಲಗಿದ್ದಳು. ಸಿಡಿದ ಮೇಲೆ ಅಲ್ಲಿಗೆ ಮೊದಲು ಓಡಿದವನು ನಾನು. ಅವಳ ಜೀವ ಹೋಗಿತ್ತು. ಅವಳು ಹಾಸಿಕೊಂಡಿದ್ದ ಗೋಣಿಚೀಲ ಅಲ್ಲೇ ಇತ್ತು. ಅದು ಕಂಡರೆ ಅವಳು ಮೊದಲಿನಿಂದ ಅಲ್ಲೇ ಮಲಗಿದ್ದಳೆಂದು ಎಲ್ಲರಿಗೂ ತಿಳಿಯುತ್ತಿತ್ತು. ಅದನ್ನು ಮಡಚಿ, ಬೇರೆ ಚೀಲಗಳ ನಡುವೆ ಇಟ್ಟೆ. ಆಮೇಲೆಯೇ ಜನರನ್ನು ಕೂಗಿದ್ದು.

ಬಾವುಟ ಹಿಡಿದವನು ನನ್ನ ಗೆಳೆಯ ಹೊನ್ನೂರಪ್ಪ. ಅವನೂ ಹುಲಿಗೆಮ್ಮನೂ ಪಾಪಿನಾಯಕನಹಳ್ಳಿಯವರು. ಅವನಿಗೆ ನಾನೇ ಹೇಳಿದೆ: “ನೀ ಬೀಡಿ ಹಚ್ಚಾಕ ಆಕಡೆ ತಿರುಗಿದ್ದಿಯಲ್ಲ, ಆಗ ಆಕಿ ಒಳಗ ಹೋಗ್ಯಾಳ ನೋಡು.” ಅವನು ತಿರುಗಿದ್ದು ನಿಜ, ಒಂದು ಕ್ಷಣ. ನನ್ನನ್ನು ನಂಬಿದ. ವಿಚಾರಣೆಯಲ್ಲಿ ತಪ್ಪು ತನ್ನದೇ ಎಂದು ಒಪ್ಪಿಕೊಂಡ. ಅವನ ಕೆಲಸ ಹೋಯಿತು. ನಾನು ಹುಲಿಗೆಮ್ಮನ ಮಣ್ಣಿಗೆ ಹೋಗಲಿಲ್ಲ. ಆಫ್ರಿಕಾಕ್ಕೆ ಆಳು ಕಳಿಸುವ ಒಬ್ಬ ಏಜೆಂಟ್ ಸಿಕ್ಕ, ಹೊರಟುಬಿಟ್ಟೆ.

ಮಗಳಿಗೆ ಕೊಟ್ಟ ಸಲಹೆಯಲ್ಲಿ ಹೀಗೊಂದು ಸಾಲು ಬರೆದಿದ್ದೆ: ‘ಬಳ್ಳಾರಿ ರಸ್ತೆಯ ಪಾಪಿನಾಯಕನಹಳ್ಳಿಯಲ್ಲಿ ಇಳಿಯಬೇಡ. ಅಲ್ಲಿ ನೋಡುವಂಥದ್ದು ಏನೂ ಇಲ್ಲ.’ ಬರೆಯದಿದ್ದರೆ ಆ ಊರು ಇರುವುದೇ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಹಂಪಿ ನೋಡಿದಳು, ಕಂಪ್ಲಿಗೆ ಹೋಗಿ ಮಿರ್ಚಿ ತಿಂದಳು. ಅಲ್ಲಿ ನಮ್ಮ ಮನೆಯಿದ್ದ ಜಾಗದಲ್ಲಿ ಯಾರದೋ ಮೊಬೈಲ್ ಅಂಗಡಿ ಇದೆಯಂತೆ. ಆರನೆಯ ದಿನ ಪಾಪಿನಾಯಕನಹಳ್ಳಿಯಲ್ಲಿ ಇಳಿದಳು. ಇಲ್ಲಿ ಏನೂ ಇಲ್ಲವೆಂದು ಇಷ್ಟು ಒತ್ತಿ ಬರೆದಿದ್ದೀಯಲ್ಲ, ಅದೇನೆಂದು ನೋಡಲು ಬಂದೆ ಎಂದಳು. ಚಹಾದಂಗಡಿಯಲ್ಲಿ ನನ್ನ ಹೆಸರು, ಗಣಿಯ ಕೆಲಸ ಹೇಳಿದ್ದೇ ತಡ, ಯಾರೋ ಅವಳನ್ನು ಹೊನ್ನೂರಪ್ಪನ ಮನೆಗೆ ಕರೆದುಕೊಂಡು ಹೋದರು.

ಅವಳ ಫೋನಿನಲ್ಲಿ ಅವನ ಮುಖ ಕಂಡಿತು. ಹಲ್ಲಿರಲಿಲ್ಲ.

“ಪಂಪಣ್ಣಾ! ಇನ್ನೂ ಅದೀ ಏನಲೇ? ಸತ್ತೀ ಅಂತ ಮಾಡಿದ್ದೆ. ಭಾಳ ಕರ್ರಗಾಗೀಯಲೋ! ಮಗಳು ನಿನ್ನಂಗಿಲ್ಲ ಬಿಡು, ಪುಣ್ಯಾ ಮಾಡೀ.”

ನಾನು ನಕ್ಕೆ. ಅವನು ನಗುತ್ತಲೇ ಕಣ್ಣೊರೆಸಿಕೊಂಡ.

“ಅವತ್ತು ನಾ ಬೀಡಿಗೆ ತಿರುಗಲಿಲ್ಲಂದ್ರ ಆಕಿ ಸಾಯ್ತಿದ್ದಿಲ್ಲ, ನೀ ದೇಶ ಬಿಡ್ತಿದ್ದಿಲ್ಲ. ನಿನ್ನ ಬಾಳೇವು ನಾ ಹಾಳ್ ಮಾಡಿದೆ. ಮನಸಿನ್ಯಾಗ ಇಟ್ಕಾಬ್ಯಾಡಪ್ಪಾ.”

ಅವನ ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ಕುಳಿತು ಅವನ ಮಾತುಗಳನ್ನು ನನ್ನ ಮಗಳಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಹುಲಿಗೆಮ್ಮನ ಮಗಳ ಮಗಳು. ಹುಲಿಗೆಮ್ಮ ಸತ್ತಾಗ ನಾಲ್ಕು ವರ್ಷದ ಕೂಸಾಗಿದ್ದ ಆ ಮಗಳನ್ನು ತನ್ನ ಮನೆಗೆ ತಂದು, ಕಮಲಾಪುರದ ಬಾಳೆತೋಟಗಳಲ್ಲಿ ಕೂಲಿ ಮಾಡಿ ಹೊನ್ನೂರಪ್ಪನೇ ಸಾಕಿದ್ದ, ಮದುವೆ ಮಾಡಿದ್ದ.

ನಾನು ಹೇಳಿದ್ದು ಇಷ್ಟು: “ಇರ್ಲಿ ಬಿಡಲೇ. ಯಾವ ಕಾಲದ ಮಾತು.”

ಓದುಗರೇ, ಗೋಣಿಚೀಲ ಮಡಚಿದ್ದು ಹೆದರಿಕೆಯಿಂದ. ಆಗ ನನಗೆ ಮೂವತ್ತು ದಾಟಿತ್ತು ಅಷ್ಟೇ. ಆದರೆ ಈ ಮಾತು ಆಡಿದಾಗ ನನ್ನನ್ನು ಯಾರೂ ಹೆದರಿಸುತ್ತಿರಲಿಲ್ಲ. ನನ್ನ ತಪ್ಪಿಗೆ ನಾನೇ ಅವನನ್ನು ಕ್ಷಮಿಸಿದೆ. ಅವನು ಕೈಮುಗಿದ.

ಮೂರು ದಿನ ಊಟ ಸೇರಲಿಲ್ಲ. ಮುಟಾಲೆ ಹಂಪಿಯಿಂದ ಫೋನ್ ಮಾಡಿ, ಆ ಬೀಡಿಯ ವಿಷಯ ಏನು, ಆ ಅಜ್ಜ ಯಾಕೆ ಅತ್ತ ಎಂದು ಕೇಳಿದಳು. ಎಲ್ಲ ಹೇಳಿದೆ.

“ಅವರ ಮನೆಯಲ್ಲಿ ನಾನು ಊಟ ಮಾಡಿದ್ದೇನಪ್ಪ” ಎಂದಳು. “ಆ ಹುಡುಗಿ ಬಡಿಸಿದಳು.”

ಮಾರನೆಯ ದಿನವೇ ಮತ್ತೆ ಬಸ್ಸು ಹತ್ತಿ ಹೋಗಿ, ಫೋನನ್ನು ಹೊನ್ನೂರಪ್ಪನ ಕೈಯಲ್ಲಿಟ್ಟು ತಾನು ಹೊರಗೆ ಕುಳಿತಳು. ನಾನು ಹೇಳಿದೆ. ಸುತ್ತು ನಡೆಯದೆ ಹಾಕಿದ ಸಹಿ, ಜ್ವರ, ರಾಶಿಯ ಹಿಂದಿನ ನೆರಳು.

“ಚೀಲ ಹಾಸಿತ್ತಾ?” ಅವನು ಕೇಳಿದ್ದು ಅಷ್ಟೇ.

“ಹಾಸಿತ್ತು.”

“ನೀ ಕಣ್ಣಾರೆ ಕಂಡ್ಯಾ?”

“ನಾನ ಮಡಚಿಟ್ಟೆ.”

ಅವನು ಫೋನನ್ನು ದೂರ ಹಿಡಿದ. ಮನೆಯ ತಗಡಿನ ಮಾಡು, ಒಂದು ಫ್ಯಾನು ಕಂಡವು. ಧ್ವನಿ ಮಾತ್ರ ಬಂತು.

“ಅವತ್ತಿನಿಂದ ಬೀಡಿ ಮುಟ್ಟಿಲ್ಲಲೇ ನಾನು. ಯಾರರ ಸೇದಿದ್ರ ಎದ್ದು ಹೋಗ್ತೀನಿ. ಮಂದಿ ನಗ್ತಾರ, ಹೊನ್ನೂರಪ್ಪ ಸ್ವಾಮಿ ಆಗ್ಯಾನ ಅಂತ.” ಆಮೇಲೆ, “ನನ್ ಮುಂದ್ಯಾಕ ಹೇಳ್ತಿ? ಆಕಿ ಮಗಳು ಬದುಕ್ಯಾಳ. ಆಕಿ ಮುಂದ ಬಂದು ಕುಂತು ಹೇಳು. ಫೋನಿನ್ಯಾಗ ಬ್ಯಾಡ.”

ಫೋನ್ ಆರಿತು.

ಮುಟಾಲೆ ತಿರುಗಿ ಬಂದಿದ್ದಾಳೆ. ಬೆಳಿಗ್ಗೆ ಚಹಾ ಕೊಡುತ್ತಾಳೆ, ಎದುರು ಕೂರುವುದಿಲ್ಲ. ಆದರೂ ನನ್ನ ವೀಸಾ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಿಸುತ್ತಿರುವವಳು ಅವಳೇ. ಇಲ್ಲಿಯ ಪೌರತ್ವ ತೆಗೆದುಕೊಂಡಾಗ ನನ್ನ ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸಿದ್ದೆ. ಈಗ ನಾನೂ ಭಾರತ ನೋಡಲು ಹೊರಟ ಪರದೇಶಿ. ಹೊಸಪೇಟೆಯ ಆ ಮ್ಯಾನೇಜರ್ ನನಗೂ ರೂಮು ಕೊಡಲಾರ. ಇಲ್ಲಿ ಸತ್ತರೆ ಓಣಿಯವರೆಲ್ಲ ಅಂಗಳದಲ್ಲಿ ಬೆಂಕಿ ಹಾಕಿಕೊಂಡು ಕೂರುತ್ತಾರೆ, ನಾನು ಎಂಥವನೆಂದು ತಿಳಿಯದೆ. ಅಲ್ಲಿ ತಿಳಿದವನು ಒಬ್ಬನಿದ್ದಾನೆ.

ಅರ್ಜಿಯಲ್ಲಿ ಒಂದು ಕಾಲಂ ಉಳಿದಿತ್ತು. ಭಾರತದಲ್ಲಿ ನಿಮ್ಮನ್ನು ಬಲ್ಲ ಒಬ್ಬರ ಹೆಸರು, ವಿಳಾಸ. ಕಂಪ್ಲಿಯಲ್ಲಿ ಯಾರೂ ಉಳಿದಿಲ್ಲ. ಎರಡು ವಾರ ತಡೆದು ಹೊನ್ನೂರಪ್ಪನಿಗೆ ಫೋನ್ ಮಾಡಿ, ನಿನ್ನ ಹೆಸರು ಬರೆಯಲೇ ಎಂದು ಕೇಳಿದೆ.

“ಬರ್ಕಾ” ಎಂದ. “ಬಂದ್ ಮ್ಯಾಲ ಮನಿ ಒಳಗ ಕರೀತೀನೋ ಇಲ್ಲೋ, ಅದು ಬ್ಯಾರೆ.”