ವಿಭೂತಿ ಹಚ್ಚಿದ ಲ್ಯಾಪ್‌ಟಾಪ್

ಸೇಡಂ ತಹಸೀಲ್ ಕಚೇರಿ ಎದುರು ಊರವರ ಅರ್ಜಿ ತುಂಬಿಕೊಡುವ ದಾನೇಶ್ವರಿ ಅಕ್ಕನ ಬಳಿ ನಾನು ಸಂಬಳದಾಳು. ಎರಡು ಸಲ ಪರದೆ ಬದಲಿಸಿದ ಮೇಲೂ ಅವಳ ಲ್ಯಾಪ್‌ಟಾಪ್ ಪರದೆಯ ಮೇಲೆ ಮೂರನೇ ಸಲ ಹಸಿರು ಗೆರೆಗಳು ಎದ್ದವು. ವಾರಂಟಿಗೆ ಎರಡೇ ದಿನ ಉಳಿದಿತ್ತು. ಇಬ್ಬರೂ ಕಲಬುರಗಿಯ ಸರ್ವಿಸ್ ಸೆಂಟರಿಗೆ ಓಡಿದೆವು.

"ಅಂಚಿನಾಗ ವಿಭೂತಿ ಕುಂತದ, ನೀರು ಒಳಗ ಹೋಗ್ಯದ. ವಾರಂಟಿ ನಡಿಯಂಗಿಲ್ರಿ," ಎಂದ ಅಲ್ಲಿನವನು.

ಆಯುಧಪೂಜೆಗೆ ವಿಭೂತಿ ನೆನೆಸಿ ಪರದೆಗೇ ಮೂರು ಬೆರಳು ಎಳೆದ ಮಹಾಭಕ್ತ ನಾನೇ. ಅಕ್ಕ ನನ್ನನ್ನು ನುಂಗುವಂತೆ ನೋಡಿ ಅವನತ್ತ ತಿರುಗಿದಳು.

"ಇಂವ ಖೋಡಿ, ಖರೆ. ಆದ್ರ ಮೊದಲಿನ ಎರಡು ಪರದಿ ಪೂಜಾದ ಮುಂಚೇನೇ ಕೆಟ್ಟಾವ. ಅವಕ್ಕ ವಿಭೂತಿ ಹಚ್ಚಿದವರು ನಿಮ್ಮ ಕಂಪನಿಯವರೇನು? ಒಲ್ಲೆ ಅಂತ ಬರೆದು ಕೊಡ್ರಿ. ಗ್ರಾಹಕರ ಕೋರ್ಟಿಗೆ ಅರ್ಜಿ ತುಂಬೋದು ನನಗ ಹತ್ತು ನಿಮಿಷದ ಕೆಲಸ!"

ಅವನು ವಿಭೂತಿ ಒರೆಸಿ, ಹೊಸ ಪರದೆಗೆ ಚೀಟಿ ಬರೆದ.

ಸೇಡಂನಲ್ಲಿ ಬಸ್ಸಿನಿಂದ ಇಳಿಯುವಾಗ ಅಕ್ಕ ಗುಡುಗಿದಳು: "ಇನ್ನ ನಿನ್ನ ಹಣಿಗಷ್ಟೇ ಹಚ್ಕೋ!"