ಕಿಂಡಿಯ ಕೆಳಗಿನ ಬಣ್ಣ

ಹೊಸಪೇಟೆಯ ಹಳೇ ಪೇಟೆಯಲ್ಲಿ ನಮ್ಮ ಬಟ್ಟೆ ಅಂಗಡಿಗೆ ದಾರಿ ಕೇಳಿದರೆ ಯಾರೂ ಬೋರ್ಡಿನ ಹೆಸರು ಹೇಳುವುದಿಲ್ಲ, ಕಿಂಡಿ ಅಂಗಡಿ ಎನ್ನುತ್ತಾರೆ. ಅಜ್ಜ ಕಟ್ಟಿಸಿದ ಮಣ್ಣಿನ ಮಾಳಿಗೆ ಅದು: ಕಲ್ಲಿನ ಗೋಡೆ, ತೇಗದ ಕಂಬ, ಸಾಲು ಜಂತಿ, ಜಂತಿಯ ಮೇಲೆ ಮಣ್ಣು. ಎದುರಿನ ಕಟ್ಟೆಯ ಕಲ್ಲು ಹಂಪಿಯದೆಂದು ಪ್ರವಾಸಿಗಳಿಗೆ ಬುರುಡೆ ಬಿಡುವ ಆಟೋದವರಿದ್ದಾರೆ. ಪಕ್ಕದ ಗುಡ್ಡದ ಕಲ್ಲಪ್ಪಾ ಅದು, ವಯಸ್ಸಿನಲ್ಲಿ ಹಂಪಿಗಿಂತ ಹಿರಿಯದೇ ಎಂದು ನಾನು ಅವರನ್ನು ಕಾಡುತ್ತೇನೆ. ಡ್ಯಾಂ ಕಟ್ಟುವ ಕಾಲಕ್ಕೆ ಊರಿಗೆ ಸಿಮೆಂಟು ಬಂತು. ಅಪ್ಪನಿಗೆ ಅದರ ಹುಚ್ಚು ಹಿಡಿದು ಅಂಗಡಿಯ ನೆತ್ತಿಯ ಮೇಲೆ ಎರಡು ಗಿಳಿ ಮಾಡಿಸಿದ. ಒಂದಕ್ಕೆ ಈಗ ಕೊಕ್ಕಿಲ್ಲ.

ಒಳಗೆ, ನಡು ಮಾಳಿಗೆಯಲ್ಲಿ ಮೊರದಷ್ಟಗಲದ ಬೆಳಕಿಂಡಿ. ಅದರ ಕೆಳಗೇ ಗಾದಿ ಹಾಕಿ ಸೀರೆ ಬಿಚ್ಚುತ್ತೇವೆ. ಬೀದಿಯ ಬಿಸಿಲು ಇದ್ದ ಬಣ್ಣವನ್ನು ತಿಂದುಹಾಕುತ್ತದೆ, ಟ್ಯೂಬ್‌ಲೈಟು ಇಲ್ಲದ ಬಣ್ಣವನ್ನು ಬಳಿಯುತ್ತದೆ. ಕಿಂಡಿಯ ಬೆಳಕು ಎರಡನ್ನೂ ಮಾಡುವುದಿಲ್ಲ. ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳು ಗಾಜಿನ ಮೇಲೆ ಕೂರುತ್ತದೆ. ಮಂಡಿ ನೋವಿದ್ದರೂ ನಾನೇ ಏಣಿ ಹತ್ತಿ ಒರೆಸುತ್ತೇನೆ. ಬಂಡ್ರಿಯ ಹೆಣ್ಣುಮಕ್ಕಳು ಬೇರೆ ಕಡೆ ಕೊಂಡ ಸೀರೆಯನ್ನೂ ತಂದು, “ಅಕ್ಕಾರ, ಒಂಚೂರು ಕಿಂಡಿ ಕೆಳಗ ಹಿಡೀತೀವ್ರಿ” ಎನ್ನುತ್ತಾರೆ. ಹಿಡಿಯಲಿ, ನನ್ನ ಗಂಟೇನು ಹೋಗುತ್ತದೆ?

ಅಣ್ಣನಿಗೆ ಇದೇ ಸಿಟ್ಟು. ಅವನದು ಕಬ್ಬಿಣದ ವ್ಯಾಪಾರ. ಕಟ್ಟಡದಲ್ಲಿ ನಮ್ಮಿಬ್ಬರಿಗೂ ಸಮಪಾಲು. ಅವನಿಗೆ ಅದನ್ನು ಒಡೆದು ಮೂರಂತಸ್ತಿನ ಕಾಂಪ್ಲೆಕ್ಸ್ ಎಬ್ಬಿಸಬೇಕು; ನನ್ನ ಸಹಿಯಿಲ್ಲದೆ ಅದು ಆಗದು, ನಾನು ಹಾಕಲೊಲ್ಲೆ.

“ಮಂದಿ ಸೀರಿಗೆ ಪುಕ್ಕಟೆ ಬೆಳಕು ಕೊಡಾಕ ಅಂಗಡಿ ಇಟ್ಟೀಯೇನು?” ಎಂದ ಹೋದ ವರ್ಷದ ಬೇಸಿಗೆಯಲ್ಲಿ ಒಮ್ಮೆ.

“ಹೂಂ, ಅದಕ್ಕ ಇಟ್ಟೀನಿ. ಇವತ್ತು ನೋಡಾಕ ಬಂದಾಕಿ ಮುಂದಿನ ಸಲ ಇಲ್ಲೇ ತಗೊಂತಾಳ.”

ಅಂದಿನಿಂದ ಅವನು ಅಂಗಡಿಗೆ ಕಾಲಿಡುವುದನ್ನೇ ಬಿಟ್ಟ, ದೀಪಾವಳಿಯ ಪೂಜೆಗೂ ಬರಲಿಲ್ಲ. ಅಣ್ಣನಿಲ್ಲದ ಹಬ್ಬ ನನಗೆ ಸಪ್ಪೆಯಾಗಿತ್ತು, ನಿಜ. ಹಾಗಂತ ಜಂತಿಗಳನ್ನು ಸೌದೆ ಮಾಡಲು ಕೊಡುತ್ತೇನೆಯೇ?

ಈ ಬೇಸಿಗೆಯಲ್ಲಿ ಅವನ ಮಗಳ ಮದುವೆ ಗೊತ್ತಾಯಿತು. ಧಾರೆ ಸೀರೆಯನ್ನು ಹಟಕ್ಕೆ ಬಿದ್ದು ಗಾಜಿನ ಶೋರೂಮಿನಲ್ಲೇ ಕೊಡಿಸಿದ. ಹುಡುಗಿ ಅಲ್ಲಿಂದ ನೆಟ್ಟಗೆ ನನ್ನಲ್ಲಿಗೆ ಬಂದಳು. ಹಿಂದೆ ಅವನೂ, ಮುಖ ಗಂಟಿಕ್ಕಿಕೊಂಡು.

“ಅತ್ತಿ, ಕಿಂಡಿ ಕೆಳಗ ನೋಡಿದ್ರನ ನನಗ ಸಮಾಧಾನ” ಎಂದು ಗಾದಿಯ ಮೇಲೆ ಸೀರೆ ಹರಡಿದಳು. ಅಲ್ಲಿ ಕುಂಕುಮದ ಕೆಂಪಾಗಿದ್ದದ್ದು ಇಲ್ಲಿ ಇಟ್ಟಿಗೆಯ ಕೆಂಪು. ಹುಡುಗಿಯ ಮುಖ ಸಣ್ಣಗಾಯಿತು. ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ. ಆದರೂ ಸೀರೆಯ ಸುಕ್ಕು ಬಿಡಿಸುತ್ತ ಕೂತೆ.

ಅಣ್ಣ ಬಗ್ಗಿ ಸೆರಗು ಹಿಡಿದು ನೋಡಿದ. ಆಮೇಲೆ ತಲೆಯೆತ್ತಿ ಕಿಂಡಿ ನೋಡಿದ. ಪಕ್ಕದ ಜಂತಿಯ ಮೇಲೆ ಹೋದ ಮಳೆಗಾಲದ ನೀರಿನ ಕಲೆಯಿತ್ತು. ಮಳೆಗೆ ಮೊದಲು ಹೊಸ ಸವಳು ಮಣ್ಣು ಹಾಸದಿದ್ದರೆ ಮಾಳಿಗೆ ಸೋರುತ್ತದೆ. ಕಂಪ್ಲಿ ಕಡೆ ಕಾಲುವೆ ನೀರು ನಿಂತು ಕೆಟ್ಟ ಹೊಲಗಳಲ್ಲಿ ಆ ಮಣ್ಣು ಸಿಗುತ್ತದೆ. ಬೆಳೆಗೆ ಬಾರದ್ದು ಮಾಳಿಗೆಗೆ ಬೇಕು. ಅದನ್ನು ತರಿಸುವುದು ಮೊದಲಿನಿಂದಲೂ ಅಣ್ಣನ ಕೆಲಸ.

“ಹ್ವಾದ ವರ್ಷ ಮಣ್ಣು ಹಾಕ್ಸಿಲ್ಲೇನು?”

“ನೀನು ತರಿಸ್ಲಿಲ್ಲ.”

“ಹೇಳಿ ಕಳ್ಸಾಕ ಏನಾಗಿತ್ತು ನಿನಗ? ಮಳಿ ತಲಿ ಮ್ಯಾಗ ಬಂದೈತಿ!” ಎಂದು ಬೈಯುತ್ತಲೇ ಫೋನ್ ತೆಗೆದು ಕಂಪ್ಲಿಗೆ ಟ್ರ್ಯಾಕ್ಟರ್ ಹೇಳತೊಡಗಿದ.

ನನ್ನ ಕಣ್ಣು ತುಂಬಿ ಬಂತು. ಅದು ಅವನಿಗೆ ಕಾಣದಿರಲೆಂದು ಬೆನ್ನು ತಿರುಗಿಸಿ, ಕಪಾಟಿನಿಂದ ಕುಂಕುಮ ಬಣ್ಣದ ಸೀರೆಗಳನ್ನು ಇಳಿಸಲು ಶುರು ಮಾಡಿದೆ. ಹಿಂದಿನಿಂದ ಅವನ ದನಿ ಕೇಳುತ್ತಿತ್ತು:

“ಹೆಚ್ಚಿಗೀನ ಕಳ್ಸಪಾ. ನಮ್ಮ ಮಾಳಿಗಿ ದೊಡ್ಡದೈತಿ.”